ಕಾಚಂಪುಳಿ ಕೈಗಲ್ಲ, ಕರಿಗೆ

ಪ್ರಶ್ನೆ: ಡಾಕ್ಟ್ರಮ್ಮ, ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ಪ್ರತಿ ಮಳೆಗಾಲವೂ ಎರಡೂ ಕೈಗೆ ಇಸಬು ಏಳುತ್ತದೆ. ಈಗಂತೂ ಬೆರಳು ಸಂದಿ ಸೀಳಿ ನೀರು ಒಸರುತ್ತಿದೆ. ಮುಲಾಮು ಹಚ್ಚಿದರೆ ಕಡಿಮೆ, ಬಿಟ್ಟರೆ ಮತ್ತೆ ಅದೇ. ಅರಿಸಿನ, ಕರಿಮೆಣಸು ಅರೆದು ಕಾಚಂಪುಳಿಯಲ್ಲಿ ಕಲಸಿ ಹಚ್ಚು ಅಂತಾರೆ ನಮ್ಮತ್ತೆ. ಹಚ್ಚಲೇ?

ಉತ್ತರ: ಬೇಡಮ್ಮ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ, ಅರೆದದ್ದನ್ನು ಪಂದಿಕರಿಗೆ ಹಾಕಿಬಿಡಿ. ಉಪ್ಪಾಗೆ ಹಣ್ಣಿನ ಹುಳಿ ರಸವನ್ನು ಕಪ್ಪಗಾಗುವ ತನಕ ಕುದಿಸಿ ಇಳಿಸಿದ್ದಲ್ಲವೇ ಕಾಚಂಪುಳಿ? ಸೀಳಿದ ಚರ್ಮಕ್ಕೆ ತಾಗಿದರೆ ಪ್ರಾಣ ಹೋಗುವಷ್ಟು ಉರಿ. ಮೆಣಸೂ ಅಷ್ಟೇ. ಲವಂಗದೆಣ್ಣೆ, ಚಕ್ಕೆ ಎಣ್ಣೆಯ ಸಹವಾಸಕ್ಕಂತೂ ಹೋಗಬೇಡಿ. ಅವುಗಳಲ್ಲಿರುವ ಯೂಜಿನಾಲ್, ಸಿನ್ನಮಾಲ್ ಎಷ್ಟೋ ಜನರಿಗೆ ಅಲರ್ಜಿ ತರುತ್ತವೆ. ಅಲರ್ಜಿ ಪತ್ತೆಗೆ ನಾವು ಬೆನ್ನಿಗೆ ಅಂಟಿಸುವ ಪ್ಯಾಚ್ ಟೆಸ್ಟ್‌ನಲ್ಲಿ ಅವೂ ಇರುತ್ತವೆ.

ಅರಿಸಿನ, ಮೆಣಸಿನ ಜೋಡಿ ಹೊಟ್ಟೆಗಾದರೆ ಸರಿ. ಅರಿಸಿನದ ಕರ್ಕ್ಯುಮಿನ್ ತಿಂದದ್ದರಲ್ಲಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಮೆಣಸಿನ ಪೈಪರಿನ್ ಜೊತೆಗಿದ್ದರೆ ಹೆಚ್ಚು ಸೇರುತ್ತದೆ ಎಂದು 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ ತೋರಿಸಿದರು. ಆದರೆ ಅವರು ಕೊಟ್ಟದ್ದು 2 ಗ್ರಾಂ ಕರ್ಕ್ಯುಮಿನ್. ಪುಡಿಯಲ್ಲಿ ಅದಿರುವುದು ನೂರಕ್ಕೆ ಮೂರರ ಆಸುಪಾಸು. ಲೆಕ್ಕ ಹಾಕಿದರೆ 60 ಗ್ರಾಂಗೂ ಮೇಲೆ ಅರಿಸಿನ ನುಂಗಬೇಕು! ಸಾರಿನ ಚಿಟಿಕೆ ಅರಿಸಿನಕ್ಕೆ ಇಸಬು ಬಗ್ಗುವುದಿಲ್ಲ. ಹಾಗಂತ ಮಾತ್ರೆ ಕೊಂಡು ನುಂಗಲೂ ಹೋಗಬೇಡಿ, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಂತೂ ಖಂಡಿತ ಬೇಡ.

ಮುಲಾಮು ಬಿಟ್ಟ ಕೂಡಲೇ ಮರಳುವುದೇಕೆ? ಕೈ ಒಣಗಲು ಬಿಡುವೇ ಸಿಗುತ್ತಿಲ್ಲ. ಹೊರಗೆ ಜೂನ್‌ನಿಂದ ಬಿಡದ ಮಳೆ, ಒಳಗೆ ಪಾತ್ರೆ ಸೋಪು. ನೀರಿನ ಕೆಲಸಕ್ಕೆ ಒಳಗೆ ಹತ್ತಿಯ ಕೈಗವಸು, ಮೇಲೆ ರಬ್ಬರಿನದು ಹಾಕಿ. ಒಳಗಿನದು ತೇವವಾದರೆ ಬದಲಿಸಿ. ಒಸರುವುದು ನಿಂತ ಮೇಲೆ, ಕೈ ತೊಳೆದು ಒತ್ತಿ ಒರೆಸಿದ ತಕ್ಷಣ ಕೊಬ್ಬರಿ ಎಣ್ಣೆ ಸವರಿ. ನಮ್ಮ ಅಡುಗೆಮನೆಯಿಂದ ನಾನು ಧೈರ್ಯವಾಗಿ ಹೇಳುವ ಮದ್ದು ಅದೊಂದೇ. ವಾಸನೆ ಬೆರೆಸಿದ ಎಣ್ಣೆ ಬೇಡ.

ಇನ್ನು ಆ ಮುಲಾಮಿನ ಹೆಸರು ನೀವು ಬರೆದಿಲ್ಲ. ಕಲೆ ಉಂಗುರದ ಹಾಗೆ ಅಂಚಿನಲ್ಲಿ ಕೆಂಪಾಗಿ ಹರಡುತ್ತಿದ್ದರೆ ಅದು ಇಸಬಲ್ಲ, ಹುಳುಕಡ್ಡಿ ಇರಬಹುದು. ನಿಮ್ಮ ಮುಲಾಮಿನಲ್ಲಿ ಸ್ಟಿರಾಯ್ಡ್ ಇದ್ದು, ಅದನ್ನು ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ಇಳಿದಂತೆ ಕಂಡು, ಒಳಗೊಳಗೇ ಹಬ್ಬುತ್ತದೆ. ನೀರು ಒಸರುತ್ತಿರುವುದರಿಂದ ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ, ಟ್ಯೂಬನ್ನೂ ಒಯ್ಯಿರಿ. ಕೈಗೆ ಅರಿಸಿನ ಬಳಿದುಕೊಂಡು ಮಾತ್ರ ಹೋಗಬೇಡಿ. ಹಳದಿಯ ಕೆಳಗೆ ಕೆಂಪು ನಮಗೂ ಕಾಣುವುದಿಲ್ಲ.