ಕ್ಯೋಟೋದ ತತ್ತ್ವಜ್ಞಾನಿಯ ಹಾದಿ: ಎರಡನೆಯ ಸಲ ಹೋಗಬೇಕೇ?

ಜಪಾನಿನ ಕ್ಯೋಟೋದಲ್ಲಿ, ಕಾಲುವೆಯೊಂದರ ದಂಡೆಗುಂಟ, ಏಪ್ರಿಲ್‌ನಲ್ಲಿ ಚೆರ್ರಿ ಹೂವಿನ ನಡುವೆ ನಡೆದ ಹಾದಿಗೆ ಈಗ ನವೆಂಬರ್‌ನಲ್ಲಿ, ಎಪ್ಪತ್ತು ದಾಟಿದ ತಂದೆಯವರೊಡನೆ ಮತ್ತೆ ಹೋಗಬಹುದೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ, ಆದರೆ ಆ ಹೂವಿನ ನೆನಪನ್ನು ಹುಡುಕಿಕೊಂಡು ಹೋಗಬೇಡಿ. ಚೆರ್ರಿಯ ಎಲೆಗಳು ಮೇಪಲ್‌ಗಿಂತ ಮೊದಲೇ ಕೆಂಪೇರಿ ಉದುರುವುದರಿಂದ, ತಿಂಗಳ ಕೊನೆಗೆ ಕಾಲುವೆಯ ದಂಡೆ ಬಹುಮಟ್ಟಿಗೆ ಬೋಳಾಗಿರುತ್ತದೆ. ಆಗ ಬಣ್ಣವೆಲ್ಲ ದಕ್ಷಿಣದ ತುದಿಯಾಚೆಗಿನ ಏಕಾನ್‌ದೋ ದೇವಾಲಯದಲ್ಲಿ, ಜನಜಂಗುಳಿಯೂ ಅಲ್ಲಿಯೇ.

ಸುಮಾರು 2 ಕಿ.ಮೀ. ಉದ್ದದ, ಹೆಚ್ಚುಕಡಿಮೆ ಸಮತಟ್ಟಾದ ಈ ದಾರಿಯನ್ನು ಉತ್ತರ ತುದಿಯ ಗಿಂಕಾಕುಜಿ ದೇವಾಲಯದ ಕಡೆಯಿಂದ ಬೆಳಿಗ್ಗೆ ಬೇಗನೆ ಆರಂಭಿಸಿದರೆ, ಕೊನೆಯಲ್ಲಿ ನಾನ್‌ಜೆನ್‌ಜಿ ದೇವಾಲಯದ ಆವರಣದಲ್ಲಿ 1888ರ ಇಟ್ಟಿಗೆಯ ಮೇಲ್ಗಾಲುವೆಯನ್ನು ನೋಡಿ, ಸಮೀಪದ ಕೆಆಗೆ ಮೆಟ್ರೋ ನಿಲ್ದಾಣದಿಂದ ಮರಳಬಹುದು. ತಂದೆಯವರಿಗೆ ಹಿಡಿತವಿರುವ ಬೂಟು ಇರಲಿ, ಮಳೆ ಬಂದಾಗ ಹಾಸುಗಲ್ಲುಗಳು ಜಾರುತ್ತವೆ.

ಮೊದಲ ಸಲ ನನ್ನ ಗಮನಕ್ಕೆ ಬಾರದೆ, ಎರಡನೆಯ ಸಲ ಕಂಡದ್ದು ನೀರಿನ ದಿಕ್ಕು. ಕ್ಯೋಟೋದ ನದಿಗಳು ದಕ್ಷಿಣಕ್ಕೆ ಹರಿದರೆ, ಬಿವಾ ಸರೋವರದಿಂದ ತಂದ ಈ ಕಾಲುವೆಯ ನೀರು ಉತ್ತರಕ್ಕೆ ಹರಿಯುತ್ತದೆ. ಗಿಂಕಾಕುಜಿಯಿಂದ ಹೊರಟರೆ ಅದು ನಿಮಗೆ ಎದುರಾಗಿ ಬರುತ್ತದೆ. ಕ್ಯೋಟೋ ವಿಶ್ವವಿದ್ಯಾಲಯದ ತತ್ತ್ವಜ್ಞಾನಿ ನಿಶಿದಾ ಕಿತಾರೋ ಇಲ್ಲಿ ನಡೆದಾಡುತ್ತ ಚಿಂತಿಸುತ್ತಿದ್ದರೆಂಬುದರಿಂದ ಹಾದಿಗೆ ಈ ಹೆಸರು ಬಂದಿದೆ. ಬೇಂದ್ರೆಯವರ ಸಾಧನಕೇರಿಯ ದಂಡೆಯಲ್ಲಿ ಸುತ್ತಾಡುವ ನಮ್ಮಂಥ ಧಾರವಾಡದವರಿಗೆ ಇದೇನೂ ವಿಚಿತ್ರವೆನಿಸದು. ನಡುವೆ ತುಸು ಮೇಲಕ್ಕಿರುವ ಹೋನೆನ್-ಇನ್ ದೇವಾಲಯದ ಹುಲ್ಲುಹೊದಿಕೆಯ ಹೆಬ್ಬಾಗಿಲನ್ನು ಮಾತ್ರ ತಪ್ಪಿಸಬೇಡಿ.