ಸುಧಾರಣಾ ನೋಟಿಸು ಬಂದರೆ ಕೋರ್ಟಿಗೇ ಹೋಗಬೇಕೇ?

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ಚಕ್ಕುಲಿ, ನಿಪ್ಪಟ್ಟು ಮಾಡಿ ಮಾರುವ ಕಾಂಡಿಮೆಂಟ್ಸ್ ಅಂಗಡಿ ನನ್ನದು; ಲೈಸೆನ್ಸ್ ಇದೆ. ತಪಾಸಣೆಯ ಬಳಿಕ ‘ಕರಿಯುವ ಎಣ್ಣೆ ಕಪ್ಪಾಗಿದೆ, ಅಡುಗೆಮನೆಯ ಗೋಡೆ ಕೊಳೆಯಾಗಿದೆ, 14 ದಿನಗಳಲ್ಲಿ ಸರಿಪಡಿಸಿ’ ಎಂಬ ನೋಟಿಸು ಕಳೆದ ವಾರ ಕೈಸೇರಿದೆ. ಗೋಡೆಯ ಮಾತು ನಿಜ, ಎಣ್ಣೆಯದು ಸುಳ್ಳು. ವಕೀಲರನ್ನು ಹಿಡಿದು ಕೋರ್ಟಿಗೆ ಹೋಗಬೇಕೇ?

ಉತ್ತರ: ಈ ಹಂತದಲ್ಲಿ ಕೋರ್ಟಿನ ಅಗತ್ಯವಿಲ್ಲ. ನಿಮಗೆ ಬಂದಿರುವುದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 32ನೇ ಕಲಂ ಪ್ರಕಾರ ಅಂಕಿತಾಧಿಕಾರಿಗಳು (ಜಿಲ್ಲಾ ಮಟ್ಟದಲ್ಲಿ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಧಿಕಾರಿ) ಹೊರಡಿಸುವ ಸುಧಾರಣಾ ನೋಟಿಸು. ಅದರ ವಿರುದ್ಧ ಆಹಾರ ಸುರಕ್ಷತಾ ಆಯುಕ್ತರಿಗೆ ನೀವೇ ಮೇಲ್ಮನವಿ ಸಲ್ಲಿಸಬಹುದು.

ಹೆಚ್ಚಿನವರು ಎಡವುವುದು ದಿನಗಳ ಲೆಕ್ಕದಲ್ಲಿ. ಮೇಲ್ಮನವಿಗೆ 15 ದಿನ ಎಂದು ಕೇಳಿ ನಿರಾಳವಾಗಿ ಕೂರುತ್ತಾರೆ. ಆದರೆ ಸುಧಾರಣಾ ನೋಟಿಸಿನ ಮಟ್ಟಿಗೆ ಆ 15 ದಿನ ಅಥವಾ ನೋಟಿಸಿನಲ್ಲಿ ಕೊಟ್ಟ ಗಡುವು, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಕೊನೆಯ ದಿನ. ನಿಮ್ಮ ಗಡುವು 14 ದಿನ, ಅದರಲ್ಲೂ ಒಂದು ವಾರ ಆಗಲೇ ಕಳೆದಿದೆ. ಕಾಲಾವಕಾಶ ಕೋರಿ ಅಂಕಿತಾಧಿಕಾರಿಗಳಿಗೆ ಬರೆದ ಪತ್ರವನ್ನು ಮೇಲ್ಮನವಿಯೆಂದು ನಂಬಿ ಕೂರಬೇಡಿ.

ಗೋಡೆಗೆ ಈಗಲೇ ಬಣ್ಣ ಹೊಡೆಸಿ, ಫೋಟೊ ಮತ್ತು ರಸೀದಿಯೊಂದಿಗೆ ಲಿಖಿತವಾಗಿ ತಿಳಿಸಿ. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ನೋಟಿಸಿಗೆ ತಡೆ ಸಿಗುತ್ತದೆಂದು ಈ ಕಲಂ ಹೇಳುವುದಿಲ್ಲ, ನೋಟಿಸನ್ನು ಪಾಲಿಸದಿದ್ದರೆ ಲೈಸೆನ್ಸ್ ಅಮಾನತಾಗಬಹುದು. ಮೇಲ್ಮನವಿ ಎಣ್ಣೆಯ ವಿಷಯಕ್ಕಷ್ಟೇ ಇರಲಿ. ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು (ಎಣ್ಣೆ ಪದೇ ಪದೇ ಕಾದು ಕೆಟ್ಟಂತೆ ಹೆಚ್ಚುವ ಅಂಶಗಳು) ಶೇ 25ನ್ನು ಮೀರಿದರೆ ಅದನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಈ ಅಂಶವನ್ನು ಮೀಟರಿನಿಂದ ಅಳೆಯಬಹುದು. ಯಾವ ಅಳತೆಯೂ ಇಲ್ಲದೆ ನೋಟಿಸಿನಲ್ಲಿ ‘ಕಪ್ಪಾಗಿದೆ’ ಎಂದಷ್ಟೇ ಬರೆದಿದ್ದರೆ, ಕಾರಣ ಮತ್ತು ಲೋಪವನ್ನು ಸ್ಪಷ್ಟವಾಗಿ ನಮೂದಿಸಬೇಕೆಂಬ 32ನೇ ಕಲಂನ ಷರತ್ತು ಪಾಲನೆಯಾಗಿಲ್ಲವೆಂದು ವಾದಿಸಬಹುದು. ನನ್ನ ಮಟ್ಟಿಗೆ ಇದು ಗಟ್ಟಿ ವಾದ. ಎಣ್ಣೆ ಖರೀದಿಯ ಬಿಲ್ಲುಗಳನ್ನೂ ಲಗತ್ತಿಸಿ.

ಮಾದರಿ ತೆಗೆದು ಪ್ರಯೋಗಾಲಯದ ವರದಿ ಬಂದಿದ್ದರೆ ದಾರಿ ಬೇರೆ. ಆ ವರದಿಯ ವಿರುದ್ಧ 30 ದಿನಗಳೊಳಗೆ ಅಂಕಿತಾಧಿಕಾರಿಗಳಿಗೇ ಮೇಲ್ಮನವಿ ಕೊಡಬೇಕಾಗುತ್ತದೆ.

ಆಯುಕ್ತರ ತೀರ್ಮಾನವೇ ಅಂತಿಮವಾದ್ದರಿಂದ ಇರುವ ದಾಖಲೆಗಳನ್ನೆಲ್ಲ ಮೊದಲ ಸಲವೇ ಒದಗಿಸಿ. ಆಮೇಲೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಹಾಕಬಹುದಾದರೂ, ಅಲ್ಲಿ ಸಾಮಾನ್ಯವಾಗಿ ಪರಿಶೀಲನೆಯಾಗುವುದು ತೀರ್ಮಾನ ಕಾನೂನುಬದ್ಧವಾಗಿ ನಡೆದಿದೆಯೇ ಎಂಬುದೇ ಹೊರತು, ನಿಮ್ಮ ಬಾಣಲೆಯ ಎಣ್ಣೆ ಕಪ್ಪಾಗಿತ್ತೇ ಎಂಬುದಲ್ಲ.