ದೊಡ್ಡ ಫೈಲಿನಲ್ಲಿ ಎಷ್ಟು ಸಾಲಿದೆ ಎಂದು ಬೇಗ ಎಣಿಸುವುದು ಹೇಗೆ?

ನಿಮ್ಮ ಫೈಲು 12 ಜಿಬಿ, ಲ್ಯಾಪ್‌ಟಾಪಿನ ಮೆಮೊರಿ 8 ಜಿಬಿ. ಪೈಥಾನ್‌ನಲ್ಲಿ ರೀಡ್‌ಲೈನ್ಸ್ ಹಾಕಿ ಎಣಿಸಲು ಹೋದರೆ ಹ್ಯಾಂಗ್ ಆಗುತ್ತದೆ ಎಂದಿದ್ದೀರಿ. ಆಗದೆ ಇನ್ನೇನು! ಅದು ಇಡೀ ಫೈಲನ್ನು ಮೆಮೊರಿಗೆ ತಂದು, ಸಾಲಿಗೊಂದು ಸ್ಟ್ರಿಂಗ್ ಮಾಡಿ ಲಿಸ್ಟಿನಲ್ಲಿ ಜೋಡಿಸುತ್ತದೆ. ನಿಮಗೆ ಬೇಕಾಗಿದ್ದು ಒಂದೇ ಒಂದು ಸಂಖ್ಯೆ.

ಫಾರ್ ಲೂಪಿನಲ್ಲಿ ಒಂದೊಂದೇ ಸಾಲು ಓದಿ ಎಣಿಸಿದರೆ ಮೆಮೊರಿ ತೊಂದರೆ ಅಲ್ಲಿಗೇ ಮುಗಿಯಿತು. ಆದರೂ ನಿಧಾನ. ಟೆಕ್ಸ್ಟ್ ಮೋಡ್‌ನಲ್ಲಿ ತೆರೆದಾಗ ಬೈಟ್‌ಗಳನ್ನೆಲ್ಲ ಅಕ್ಷರವಾಗಿ ಬಿಡಿಸುವ ಕೆಲಸ ಜೊತೆಗೇ ನಡೆಯುತ್ತಿರುತ್ತದೆ. ಬರೀ ಎಣಿಸೋಕೆ ಅಕ್ಷರ ಯಾಕೆ ಬೇಕು, ಅಲ್ವಾ? ಸಾಲಿನ ಕೊನೆಯಲ್ಲಿ ಇರುವುದು 10 ಎಂಬ ಬೈಟ್, ಅದಕ್ಕೇ ನ್ಯೂಲೈನ್ ಎನ್ನುವುದು. ಅದನ್ನು ಎಣಿಸಿದರೆ ಸಾಕು. ಫೈಲನ್ನು ಬೈನರಿ ಮೋಡ್‌ನಲ್ಲಿ ತೆರೆಯಿರಿ. ಒಂದು ಸಲಕ್ಕೆ 1 ಎಂಬಿ ಓದಿ, ಆ ತುಂಡಿನಲ್ಲಿ ನ್ಯೂಲೈನ್ ಎಷ್ಟಿದೆ ಎಂದು ಕೌಂಟ್ ಮೆಥಡ್‌ನಿಂದ ಕೇಳಿ, ಮೊತ್ತಕ್ಕೆ ಕೂಡಿಸಿ. ಖಾಲಿ ತುಂಡು ಬಂದರೆ ಫೈಲು ಮುಗಿದಂತೆ. ಲಿನಕ್ಸ್‌ನಲ್ಲಿ ಡಬ್ಲ್ಯೂಸಿ ಮೈನಸ್ ಎಲ್ (wc -l) ಎಂಬ ಕಮಾಂಡ್ ಹೊಡೆದರೂ ಒಳಗೆ ನಡೆಯುವುದು ಇದೇ.

ಫೈಲಿನಲ್ಲಿರುವುದು ಕನ್ನಡ, ಯಾವುದಾದರೂ ಅಕ್ಷರದೊಳಗೇ 10 ಬಂದುಬಿಟ್ಟರೆ ಎಂಬ ಭಯ ನನಗೂ ಮೊದಲು ಇತ್ತು. ಫೈಲಿನ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ, ಯುಟಿಎಫ್-8 ಆಗಿದ್ದರೆ ಬರುವುದೇ ಇಲ್ಲ. ‘ಕ’ ಎಂದರೆ ಅದರಲ್ಲಿ ಮೂರು ಬೈಟ್: 224, 178, 149. ಒಂದಕ್ಕಿಂತ ಜಾಸ್ತಿ ಬೈಟ್ ಹಿಡಿಯುವ ಯಾವ ಅಕ್ಷರದಲ್ಲೂ 128ಕ್ಕಿಂತ ಚಿಕ್ಕ ಬೈಟ್ ಇರುವಂತಿಲ್ಲ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಇದನ್ನು ರೂಪಿಸಿದ್ದೇ ಹಾಗೆ. ಎಷ್ಟು ಚೆಂದದ ಕೆಲಸ ಅನ್ನಿಸುತ್ತದೆ ನನಗೆ! ಯುಟಿಎಫ್-16 ಎಂಬ ಇನ್ನೊಂದು ಎನ್‌ಕೋಡಿಂಗ್‌ನ ಫೈಲಿನಲ್ಲಿ ಮಾತ್ರ ಈ ಭರವಸೆ ಇಲ್ಲ. ಅಲ್ಲಿ ಗುಜರಾತಿಯ ಒಂದೊಂದು ಅಕ್ಷರಕ್ಕೂ ಎರಡು ಬೈಟ್, ಅದರಲ್ಲಿ ಒಂದು 10. ಎಣಿಕೆ ಎಲ್ಲಿಗೋ ಹೋಗುತ್ತದೆ. ಹಾಗಾಗಿ ಎನ್‌ಕೋಡಿಂಗ್ ಯಾವುದು ಎಂದು ಮೊದಲೇ ನೋಡಿಕೊಳ್ಳಿ.

ಇನ್ನೊಂದು ವಿಷಯದಲ್ಲಿ ನಾನು ಅರ್ಧ ದಿನ ಕಳೆದುಕೊಂಡಿದ್ದೇನೆ. ಡಬ್ಲ್ಯೂಸಿ ಒಂದು ಲೆಕ್ಕ ಹೇಳುತ್ತಿತ್ತು, ನನ್ನ ಲೂಪ್ ಒಂದು ಜಾಸ್ತಿ ಹೇಳುತ್ತಿತ್ತು. ಕೋಡನ್ನೆಲ್ಲ ಜಾಲಾಡಿದೆ, ತಪ್ಪೇ ಸಿಗಲಿಲ್ಲ. ಕೊನೆಗೆ ಫೈಲಿನ ಕೊನೆಯ ಬೈಟ್ ನೋಡಿದೆ, ಅದು 10 ಅಲ್ಲ. ಕೊನೆಯ ಸಾಲು ಬರೆದವರು ಎಂಟರ್ ಒತ್ತಿರಲಿಲ್ಲ. ಡಬ್ಲ್ಯೂಸಿ ನ್ಯೂಲೈನ್ ಎಣಿಸುತ್ತದೆ, ಲೂಪ್ ಸಾಲು ಎಣಿಸುತ್ತದೆ. ಹಾಗಾಗಿ ಫೈಲು ಖಾಲಿ ಇಲ್ಲದೆ, ಕೊನೆಯ ಬೈಟ್ 10 ಆಗಿಲ್ಲದಿದ್ದರೆ ಮೊತ್ತಕ್ಕೆ ಒಂದು ಸೇರಿಸಿ. ಸಿಎಸ್‌ವಿ (ಕಾಲಂಗಳ ನಡುವೆ ಕಾಮಾ ಹಾಕಿ ಬರೆದ ಪಟ್ಟಿ) ಫೈಲಾದರೆ ಕೋಟ್ ಚಿಹ್ನೆಗಳ ಒಳಗೂ ನ್ಯೂಲೈನ್ ಇರಬಹುದು, ಅದಕ್ಕೆ ಸಿಎಸ್‌ವಿ ರೀಡರ್ ಬಳಸಲೇಬೇಕು.

ಎಷ್ಟು ಪರ್ಸೆಂಟ್ ಮುಗಿಯಿತು ಎಂದು ತೋರಿಸಲು ಸಾಲಿನ ಲೆಕ್ಕ ಬೇಕು ಎಂದೂ ಬರೆದಿದ್ದೀರಿ. ಅಷ್ಟಕ್ಕೇ ಆದರೆ ದಯವಿಟ್ಟು ಎಣಿಸಬೇಡಿ, ಸುಮ್ನೆ 12 ಜಿಬಿಯನ್ನು ಎರಡು ಸಲ ಓದಿದಂತಾಗುತ್ತದೆ. ಫೈಲಿನ ಸೈಜು ಆಪರೇಟಿಂಗ್ ಸಿಸ್ಟಂಗೆ ಮೊದಲೇ ಗೊತ್ತು. ಬೈನರಿ ಮೋಡ್‌ನಲ್ಲೇ ಒಂದೊಂದು ಸಾಲು ಓದಿ, ಅದರ ಉದ್ದ ಕೂಡಿಸುತ್ತಾ ಹೋಗಿ, ಒಟ್ಟು ಸೈಜಿನಿಂದ ಭಾಗಿಸಿ. ಪರ್ಸೆಂಟ್ ಅಲ್ಲೇ ಸಿಗುತ್ತದೆ.